ಗಾಳಿಯೂ ಮನೆಗಾಡಿಯೂ

ಅಮೆರಿಕದಲ್ಲಿ ಅನೇಕರು ಅಡುಗೆಮನೆ, ಹಾಸಿಗೆಗಳುಳ್ಳ ಮನೆಗಾಡಿಗಳಲ್ಲಿ ಪ್ರವಾಸ ಮಾಡುತ್ತಾರೆ. ಗಾಡಿ ನಿಂತಾಗ ಕೋಣೆಯ ಒಂದು ಭಾಗವು ಮೇಜಿನ ಖಾನೆಯಂತೆ ಹೊರಚಾಚುತ್ತದೆ. ಪಕ್ಕದಲ್ಲಿ ಸುರುಳಿ ಬಿಚ್ಚಿದ ಬಟ್ಟೆಯ ಚಪ್ಪರ ನೆರಳೀಯುತ್ತದೆ. ಆದರೆ ಕಾನ್ಸಾಸ್‌ನಂತಹ ಬಯಲುನಾಡಿನಲ್ಲಿ ಗಾಳಿಗೆ ತಡೆಯಿಲ್ಲ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಗಂಟೆಗೆ 20 ಕಿಲೋಮೀಟರು ವೇಗದ ಗಾಳಿಗಿಂತ 60 ಕಿಲೋಮೀಟರಿನದು 9 ಪಟ್ಟು ಬಲವಾಗಿ ತಳ್ಳುತ್ತದೆ. ಅಡಿಯಿಂದ ನುಗ್ಗಿದ ಗಾಳಿ ಚಪ್ಪರವನ್ನು ಹಾಯಿಯಂತೆ ಉಬ್ಬಿಸಿ, ಅದರ ತೋಳುಗಳನ್ನು ಮುರಿದು, ಗಾಡಿಯ ಗೋಡೆಯನ್ನೂ ಕೆಡಿಸಬಲ್ಲುದು.

ಆದುದರಿಂದ ಅನುಭವಿಗಳು ಗಾಡಿಯ ಮೋರೆಯನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತಾರೆ. ಮಲಗುವ ಮುನ್ನ ಚಪ್ಪರವನ್ನು ಸುತ್ತಿಡುತ್ತಾರೆ. ಬಿರುಗಾಳಿಯ ಮುನ್ಸೂಚನೆ ಬಂದೊಡನೆ, ಮೇಲ್ಹೊದಿಕೆ ಹರಿಯದಂತೆ, ಚಾಚುಕೋಣೆಯನ್ನೂ ಒಳಕ್ಕೆಳೆಯುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳುವುದು ರೈತನ ಜಾಣ್ಮೆ. ಗಾಳಿ ಬರುವ ಮೊದಲೇ ಮಡಚಿಕೊಳ್ಳುವುದು ಮನೆಗಾಡಿಯವನ ಜಾಣ್ಮೆ.