ಆಕಾಶದ ಮಾತು, ಯಂತ್ರದ ಸಹಪೈಲಟ್

ಮೋಡವಿಲ್ಲದ ದಿನ ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ನಿಂತು ತಲೆಯೆತ್ತಿ ನೋಡಿ. ವಿಮಾನವೊಂದು ಬಿಳಿಗೆರೆ ಎಳೆಯುತ್ತ ಸಾಗುವುದು ಕಾಣಬಹುದು. ಅದರ ಪೈಲಟ್ ನೆಲದ ನಿಯಂತ್ರಕರೊಡನೆ ಆಡುವ ಮಾತು ಮಾತ್ರ ನಮಗೆ ಕೇಳಿಸದು. ಆ ಮಾತನ್ನು ಕಲಿಯಲು ಈಗ ವಿಮಾನ ಏರಬೇಕಾಗಿಲ್ಲ. ಹಾರಾಟವನ್ನು ಅನುಕರಿಸುವ ತಂತ್ರಾಂಶ, ಅಂದರೆ ಫ್ಲೈಟ್ ಸಿಮ್ಯುಲೇಟರ್, ಇರುವ ಕಂಪ್ಯೂಟರ್ ಸಾಕು.

ಬೆಂಗಳೂರಿನಿಂದ ಹೊರಟು, ವಾಣಿವಿಲಾಸ ಸಾಗರವನ್ನು ಗುರುತಾಗಿಟ್ಟುಕೊಂಡು ಚಿತ್ರದುರ್ಗದ ಕಡೆ ಹಾರುತ್ತಿದ್ದೀರಿ ಎಂದುಕೊಳ್ಳಿ. ಎತ್ತರ, ವೇಗ, ದಿಕ್ಕು ಮೂರರ ಮೇಲೂ ಕಣ್ಣಿರಬೇಕು. ಅಷ್ಟರಲ್ಲಿ ರೇಡಿಯೋದಲ್ಲಿ ಹೊಸ ಎತ್ತರ, ಹೊಸ ಕಂಪನಾಂಕ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಕಲಿಯುವವರು ತಬ್ಬಿಬ್ಬಾಗುವುದು ಇಲ್ಲಿಯೇ. ದೊಡ್ಡ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ರೇಡಿಯೋ ನೋಡಿಕೊಳ್ಳುತ್ತಾರೆ. ಸಿಮ್ಯುಲೇಟರಿನಲ್ಲಿ ಈ ಎರಡನೆಯವರ ಕೆಲಸವನ್ನು ತಂತ್ರಾಂಶವೇ ಮಾಡಬಲ್ಲದು. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಇಂಥ ಸೌಲಭ್ಯವಿದೆ. ನಿಮ್ಮ ದನಿಯನ್ನು ಗುರುತಿಸಿ ಆಜ್ಞೆ ಪಾಲಿಸುವ ಸಹಾಯಕ ತಂತ್ರಾಂಶಗಳೂ ಉಂಟು.

ಯಂತ್ರಕ್ಕೆ ಮಾತು ತಿಳಿಯುವುದು ಹೇಗೆ? ಮನೆಮಾತಿಗಿಂತ ಇದು ಸುಲಭ. ವಿಮಾನ ರೇಡಿಯೋದ ಪದಗಳು ಮಿತ. ವಾಕ್ಯಗಳ ಅಚ್ಚು ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ್ದು. ಇಂಗ್ಲಿಷ್ ಅಕ್ಷರಗಳಿಗೆ ಆಲ್ಫಾ, ಬ್ರಾವೋ, ಚಾರ್ಲಿ ಎಂಬ ಹೆಸರುಗಳು. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’. ಗೊರಗೊರ ಸದ್ದಿನ ನಡುವೆ ‘ಫೈವ್’ ಮತ್ತು ‘ನೈನ್’ ಒಂದೇ ರೀತಿ ಕೇಳಿಸಬಹುದು, ಅದಕ್ಕೆ ಈ ಏರ್ಪಾಡು. (‘ಥ್ರೀ’ ಎನ್ನಲು ನಾಲಿಗೆ ಹೊರಳದ ನಮ್ಮ ಮಕ್ಕಳು ಇಲ್ಲಿ ನಾಚಬೇಕಾಗಿಲ್ಲ!)

ಆದರೆ ಸಹಪೈಲಟ್ ಸದ್ದಿಲ್ಲದೆ ಕಂಪನಾಂಕ ಬದಲಿಸಿಬಿಟ್ಟರೆ, ಏಕೆ ಬದಲಿಸಬೇಕಾಯಿತು ಎಂಬುದು ನಿಮಗೆ ತಿಳಿಯದೆ ಹೋಗುತ್ತದೆ. ವಿಮಾನಗಳ ಮಾತಿಗೆ ಮೀಸಲಾದದ್ದು 118ರಿಂದ 137 ಮೆಗಾಹರ್ಟ್ಸ್. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯ ಉಬ್ಬು ಅವನ್ನು ತಡೆಯುತ್ತದೆ. ವಿಮಾನದ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಮಾತು ತಲುಪುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 1500 ಮೀಟರಿಗೆ ಸುಮಾರು 160 ಕಿ.ಮೀ., 3000 ಮೀಟರಿಗೆ 225 ಕಿ.ಮೀ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ನೇರ ಗೆರೆಯಲ್ಲಿ ಹಿರಿಯೂರು ಸುಮಾರು 145, ಹೊಸದುರ್ಗ 170, ಚಿತ್ರದುರ್ಗ 180, ಹೊಳಲ್ಕೆರೆ 190 ಕಿ.ಮೀ. ನೆಲವನ್ನು ಸಮತಟ್ಟೆಂದು ಭಾವಿಸಿ, ನೆಲದ ಆಂಟೆನಾದ ಎತ್ತರವನ್ನು ಬಿಟ್ಟು ಲೆಕ್ಕ ಹಾಕಿದರೆ, 1500 ಮೀಟರಿನಲ್ಲಿ ಅಲ್ಲಿನ ಮಾತು ಹಿರಿಯೂರಿನ ಮೇಲೆ ಕೇಳಿಸೀತು, ಉಳಿದ ಮೂರು ಊರುಗಳ ಮೇಲೆ ಇಲ್ಲ. 3000ಕ್ಕೆ ಏರಿದರೆ ನಾಲ್ಕೂ ಕಡೆ ಕೇಳಿಸೀತು. ತರಗತಿಯಲ್ಲಿ ಭೂಪಟ, ಕೈವಾರ ಹಿಡಿದು ಮಾಡಬಹುದಾದ ಲೆಕ್ಕವಿದು.

ರೇಡಿಯೋವನ್ನು ಇನ್ನೊಬ್ಬರಿಗೆ ಒಪ್ಪಿಸಿದಾಗ ಏನಾಗಬಹುದು? 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯದ ಬೋಯಿಂಗ್ 747, ಕಜಕಿಸ್ತಾನದ ಇಲ್ಯೂಷಿನ್-76 ಡಿಕ್ಕಿಯಾಗಿ 349 ಜನ ಸತ್ತರು. ಇಲ್ಯೂಷಿನ್‌ಗೆ 15,000 ಅಡಿಯವರೆಗೆ, ಬೋಯಿಂಗ್‌ಗೆ 14,000 ಅಡಿಯವರೆಗೆ ಅನುಮತಿಯಿತ್ತು. ಇಲ್ಯೂಷಿನ್ ತನ್ನ ಮಿತಿ ದಾಟಿ ಇಳಿಯಿತು. ಅದರಲ್ಲಿ ನಿಯಂತ್ರಕರೊಡನೆ ಮಾತಾಡುತ್ತಿದ್ದವರು ಪೈಲಟ್ ಅಲ್ಲ, ರೇಡಿಯೋ ಆಪರೇಟರ್. ಅವರ ಮುಂದೆ ಎತ್ತರ ತೋರುವ ಉಪಕರಣವಿರಲಿಲ್ಲ. ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದುದೂ ತೊಡಕಾಯಿತು. ಕೇಳಿದ ಕಿವಿಗೂ ಹಾರಿಸುವ ಕೈಗೂ ನಡುವೆ ಅಂತರವಿತ್ತು.

ನಿಮ್ಮ ಕಂಪ್ಯೂಟರಿನಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೂ ಅಭ್ಯಾಸ ಅಲ್ಲಿಂದಲೇ ಬರುತ್ತದೆ. ಮೊದಲ ಹಾರಾಟಗಳಲ್ಲಿ ರೇಡಿಯೋವನ್ನು ಸಹಪೈಲಟ್‌ಗೆ ಬಿಡಿ, ದನಿಯನ್ನು ಮಾತ್ರ ಆರಿಸಬೇಡಿ. ನಿಯಂತ್ರಕರು ಹೇಳಿದ ಎತ್ತರವನ್ನು ಸಹಪೈಲಟ್ ಮರುನುಡಿಯುವ ಮೊದಲೇ ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಎರಡೂ ತಾಳೆಯಾಗತೊಡಗಿದ ಮೇಲೆ ಮೈಕನ್ನು ನೀವೇ ತೆಗೆದುಕೊಳ್ಳಿ.