ರಾಯಪುರದ ನಿಲ್ದಾಣವೂ ಸಾರ್ವಜನಿಕ ಬೊಕ್ಕಸವೂ

ಬೆಂಗಳೂರಿನ ಕಡೆಯಿಂದ ಈ ಊರಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಬಹುಮಂದಿ ಮೊದಲು ಕಾಲಿಟ್ಟದ್ದು ಸೆಂಟ್ರಲ್ ನಿಲ್ದಾಣದಲ್ಲಿ. ಆದರೆ ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಉಗಿಬಂಡಿಯ ಹಾದಿ ತೆರೆದಾಗ ಸೆಂಟ್ರಲ್ ಇನ್ನೂ ಹುಟ್ಟಿರಲಿಲ್ಲ. ಅದು ತೆರೆದದ್ದು ೧೮೭೩ರಲ್ಲಿ. ನಡುವಣ ಒಂಬತ್ತು ವರ್ಷ ನಮ್ಮ ಸೀಮೆಯ ಪ್ರಯಾಣಿಕನಿಗೆ ಮದರಾಸೆಂದರೆ ರಾಯಪುರವೇ ಆಗಿತ್ತು. ಆ ನಿಲ್ದಾಣ ಇಂದಿಗೂ ನಿಂತಿದೆ. ಅದನ್ನು ನಿಲ್ಲಿಸಿಕೊಂಡಿರುವ ಹಣ ಯಾರದು, ಯಾರದಾಗಿರಬೇಕು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಭಾರತದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದು ೧೮೫೩ರ ಏಪ್ರಿಲ್ ೧೬ರಂದು, ಮುಂಬಯಿಯಿಂದ ಠಾಣೆಗೆ. ಮರುವರ್ಷ ಹೌರಾದಿಂದ ಹೂಗ್ಲಿಗೆ. ಮೂರನೆಯದು ನಮ್ಮದು: ೧೮೫೬ರ ಜೂನ್ ೨೮ರಂದು ಗವರ್ನರ್ ಲಾರ್ಡ್ ಹ್ಯಾರಿಸ್ ರಾಯಪುರದ ನಿಲ್ದಾಣವನ್ನು ತೆರೆದನು; ಜುಲೈ ೧ರಿಂದ ಅಲ್ಲಿಂದ ಆರ್ಕಾಟಿಗೆ, ಎಂದರೆ ಇಂದಿನ ವಾಲಾಜಾ ರೋಡಿಗೆ, ಬಂಡಿ ಓಡತೊಡಗಿತು. ಮುಂಬಯಿಯ ಬೋರಿಬಂದರಿನ ಮೊದಲ ಕಟ್ಟಡ ಈಗಿಲ್ಲ, ಠಾಣೆಯದೂ ಇಲ್ಲ. ಹಿರಿಯರಿಬ್ಬರು ಗತಿಸಿದ ಮೇಲೆ ಕಿರಿಯನಿಗೆ ಹಿರಿತನ ಬಂದಂತೆ, ಕಂಬಗಳ ಮುಖಮಂಟಪವನ್ನು ಹೊತ್ತ ರಾಯಪುರದ ಈ ಕಟ್ಟಡ ದೇಶದಲ್ಲಿ ಉಳಿದಿರುವ ಅತ್ಯಂತ ಹಳೆಯ ರೈಲುನಿಲ್ದಾಣವೆನಿಸಿದೆ.

ಇದನ್ನು ಕಟ್ಟಿದ ಮದರಾಸು ರೈಲ್ವೆ ಕಂಪನಿ ಖಾಸಗಿಯದು. ಅದರ ಪಾಲುದಾರರು ಲಂಡನ್ನಿನವರು. ಆದರೆ ಆ ಪಾಲುದಾರರು ಸಾಹಸಿಗಳಾಗಿದ್ದರೆಂದು ಭಾವಿಸಬೇಕಾಗಿಲ್ಲ. ಅಂದಿನ ಖಾತರಿ ಪದ್ಧತಿಯಂತೆ, ಹೂಡಿದ ಬಂಡವಾಳಕ್ಕೆ ನೂರಕ್ಕೆ ಗರಿಷ್ಠ ೫ರವರೆಗೆ ಬಡ್ಡಿ ಸಲ್ಲುವುದೆಂದು ಸರ್ಕಾರ ಮಾತು ಕೊಟ್ಟಿತ್ತು. ರೈಲಿನ ಗಳಿಕೆ ಸಾಲದೆ ಹೋದರೆ ಕೊರತೆಯನ್ನು ಭಾರತದ ಕಂದಾಯದಿಂದ ತುಂಬಬೇಕಾಗಿತ್ತು. ಲಾಭವಾದರೆ ಕಂಪನಿಯದು, ನಷ್ಟವಾದರೆ ರೈತನದು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನಂಥವನಿಗೆ ಇಂಥ ಸಾಲಪತ್ರ ದೊರೆತರೆ ಕಣ್ಣುಮುಚ್ಚಿ ಸಹಿ ಮಾಡುತ್ತಿದ್ದೆನೇನೊ! ಆದುದರಿಂದ ಹಳೆಯ ನಿಲ್ದಾಣಗಳಿಗೆ ಇಂದು ಸಾರ್ವಜನಿಕ ಹಣ ವೆಚ್ಚ ಮಾಡುವುದು ದಾನಧರ್ಮವೆಂಬ ಮಾತು ಇತಿಹಾಸವನ್ನು ಮರೆತ ಮಾತು. ಅವು ನಮ್ಮ ಪೂರ್ವಿಕರ ತೆರಿಗೆಯ ಆಸರೆಯಲ್ಲಿ ಎದ್ದ ಕಟ್ಟಡಗಳು.

ಕಾನೂನಿನ ಸ್ಥಿತಿ ಏನು? ೧೯೫೮ರ ಕೇಂದ್ರ ಶಾಸನದಂತೆ ನೂರು ವರ್ಷಕ್ಕೆ ಕಡಮೆಯಿಲ್ಲದ ಕಟ್ಟಡವನ್ನು ರಾಷ್ಟ್ರೀಯ ಮಹತ್ತ್ವದ ಸ್ಮಾರಕವೆಂದು ಘೋಷಿಸಬಹುದು. ಆದರೆ ನೂರು ತುಂಬಿದ ಮಾತ್ರಕ್ಕೆ ರಕ್ಷಣೆ ತಾನಾಗಿ ಒದಗದು, ಘೋಷಣೆ ಬೇಕು. ಗುಡಿ, ಕೋಟೆ, ಶಾಸನಗಳಿಗೆ ಒಲಿಯುವ ಈ ಘೋಷಣೆ ನಿಲ್ದಾಣ, ಕಾಲುವೆ, ದೀಪಸ್ತಂಭಗಳತ್ತ ತಿರುಗುವುದು ಅಪರೂಪ. ತಮಿಳುನಾಡು ೨೦೧೨ರಲ್ಲಿ ಪರಂಪರೆ ಆಯೋಗದ ಶಾಸನವನ್ನು ಮಾಡಿತು. ಅದು ಜಾರಿಗೆ ಬರಲು ೨೦೨೪ರವರೆಗೆ ಕಾಯಬೇಕಾಯಿತು. ರೈಲ್ವೆಯಾದರೋ ಕೇಂದ್ರದ ಸ್ವತ್ತು. ಹೀಗಾಗಿ ರಾಯಪುರದಂಥ ಕಟ್ಟಡದ ಪೋಷಣೆ ಬಹುಮಟ್ಟಿಗೆ ರೈಲ್ವೆಯ ಇಚ್ಛೆಗೇ ಬಿಟ್ಟದ್ದು.

ರೈಲ್ವೆ ಆ ಇಚ್ಛೆಯನ್ನು ತೋರಿಸಿಲ್ಲವೆಂದು ಹೇಳಲಾಗದು. ಜೀರ್ಣವಾಗಿದ್ದ ಕಟ್ಟಡವನ್ನು ದುರಸ್ತಿ ಮಾಡಿಸಿ ೨೦೦೫ರಲ್ಲಿ ಮತ್ತೆ ತೆರೆಯಿತು. ಆದರೆ ದುರಸ್ತಿ ಒಮ್ಮೆಯ ವೆಚ್ಚ. ಪಾಲನೆ ವರ್ಷವರ್ಷದ ವೆಚ್ಚ. ಮೊದಲನೆಯದಕ್ಕೆ ಉದ್ಘಾಟನೆಯ ಫಲಕವುಂಟು, ಎರಡನೆಯದಕ್ಕೆ ಯಾವ ಫಲಕವೂ ಇಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಹೋಗದೆ ಇಟ್ಟಿಗೆಯನ್ನೇ ತಿನ್ನುತ್ತದೆ. ಇದನ್ನು ಬಲ್ಲ ಕೆಲಸಗಾರನನ್ನು ಪ್ರತಿ ಮಳೆಗಾಲದ ತರುವಾಯ ಕರೆಸಬೇಕು. ಸಮುದ್ರದ ಉಪ್ಪುಗಾಳಿಯ ಬಾಯಲ್ಲಿರುವ ರಾಯಪುರಕ್ಕೆ ಈ ಎಚ್ಚರ ಇಮ್ಮಡಿ ಬೇಕು.

ಇಲ್ಲಿ ಲೆಕ್ಕಶಾಸ್ತ್ರದ ಒಂದು ತೊಡಕನ್ನು ಗಮನಿಸಬೇಕು. ಸವಕಳಿಯನ್ನು ವರ್ಷವರ್ಷವೂ ಕಳೆಯುತ್ತ ಹೋದರೆ ನೂರೈವತ್ತು ವರ್ಷ ಮೀರಿದ ಕಟ್ಟಡದ ಬೆಲೆ ಖಾತೆಯಲ್ಲಿ ಸೊನ್ನೆಯ ಸಮೀಪಕ್ಕೆ ಬಂದಿರುತ್ತದೆ. ಅದು ನಿಂತ ನೆಲದ ಬೆಲೆಯಾದರೋ ಏರುತ್ತಲೇ ಇರುತ್ತದೆ. ರಾಯಪುರದ ಸುತ್ತ ರೈಲ್ವೆಗೆ ವಿಶಾಲವಾದ ಭೂಮಿಯಿದೆ. ಅಲ್ಲಿ ದೊಡ್ಡ ಅಂತ್ಯನಿಲ್ದಾಣವಾಗಬೇಕೆಂಬ ಬೇಡಿಕೆ ಬಹುಕಾಲದ್ದು. ಬೇಡಿಕೆ ಅನ್ಯಾಯದ್ದೆಂದು ನಾನು ಹೇಳೆ. ರೈಲು ಬರುವ ನಿಲ್ದಾಣವೇ ಜೀವಂತ ನಿಲ್ದಾಣ. ಆದರೆ ಸೊನ್ನೆ ಬೆಲೆಯ ಕಟ್ಟಡವೂ ಕೋಟಿ ಬೆಲೆಯ ನೆಲವೂ ಒಂದೇ ಪುಟದಲ್ಲಿದ್ದಾಗ ಗುಮಾಸ್ತನ ಲೇಖನಿ ಯಾವ ಕಡೆ ವಾಲೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗೆ ವಾಲಿದ ಉದಾಹರಣೆ ಈ ಊರಿನಲ್ಲೇ ಇದೆ. ಬಕಿಂಗ್‌ಹ್ಯಾಮ್ ಕಾಲುವೆಯನ್ನು ನಾವು ದಿನವೂ ಮೂಗು ಮುಚ್ಚಿಕೊಂಡು ದಾಟುತ್ತೇವೆ. ೧೮೦೬ರಲ್ಲಿ ಬೇಸಿಲ್ ಕಾಕ್ರೇನ್ ಎಂಬಾತನ ಹೆಸರಿನಲ್ಲಿ ಎಣ್ಣೂರಿನತ್ತ ತೊಡಗಿ, ಮುಂದೆ ಆಂಧ್ರದ ಪೆದ್ದಗಂಜಾಮಿನಿಂದ ಮರಕ್ಕಾಣದವರೆಗೆ ಸುಮಾರು ೪೨೦ ಕಿಲೋಮೀಟರು ಬೆಳೆದ ಜಲಮಾರ್ಗವಿದು. ದೋಣಿಗಳಲ್ಲಿ ಅಕ್ಕಿ, ಉಪ್ಪು, ಸೌದೆ ಬರುತ್ತಿದ್ದವು. ನಗರದೊಳಗೆ ಕೂವಂ ನದಿಯನ್ನೂ ಅಡ್ಯಾರ್ ನದಿಯನ್ನೂ ಕೂಡಿಸುವ ಭಾಗವನ್ನು ಅಗೆದದ್ದು ೧೮೭೬–೭೮ರ ಬರಗಾಲದ ಪರಿಹಾರ ಕಾಮಗಾರಿಯಾಗಿ. ಗವರ್ನರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರು ಕಾಲುವೆಗೆ ಬಂದದ್ದೂ ಆಗಲೇ. ನಮ್ಮ ಹಿರಿಯರು ಧಾತು–ಈಶ್ವರದ ಕ್ಷಾಮವೆಂದು ನೆನೆಯುತ್ತಿದ್ದುದು ಇದನ್ನೇ. ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಐದರಲ್ಲೊಂದು ಪಾಲನ್ನು ಆ ವರ್ಷಗಳಲ್ಲಿ ಕಳೆದುಕೊಂಡಿತು. ಹಸಿದವರ ಕೂಲಿಯಿಂದ ಆದ ಆ ಕಾಲುವೆ ೧೯೬೫–೬೬ರ ಚಂಡಮಾರುತಗಳಿಂದ ಬಹಳ ಕೆಟ್ಟಿತು. ಕೊನೆಗೆ ೧೯೯೦ರ ದಶಕದಲ್ಲಿ ನಗರದ ಮೇಲುರೈಲಿಗಾಗಿ ಅದರ ಪಾತ್ರದಲ್ಲೇ ಕಂಬಗಳನ್ನು ನೆಟ್ಟರು. ನೆಲಕ್ಕೆ ಹಣ ತೆರಬೇಕಾಗಿರಲಿಲ್ಲ, ಮನೆಗಳನ್ನು ಒಡೆಯಬೇಕಾಗಿರಲಿಲ್ಲ, ಲೆಕ್ಕ ಸರಿಹೋಯಿತು. ಸಾರ್ವಜನಿಕ ಹಣದ ಒಂದು ಸಂಚಾರಮಾರ್ಗ ಸಾರ್ವಜನಿಕ ಹಣದ ಇನ್ನೊಂದರ ಎದೆಯ ಮೇಲೆ ನಿಂತಿತು. ೨೦೦೮ರಲ್ಲಿ ಇದೇ ಕಾಲುವೆಯನ್ನೊಳಗೊಂಡ ಜಲಮಾರ್ಗವನ್ನು ರಾಷ್ಟ್ರೀಯ ಜಲಮಾರ್ಗವೆಂದು ಸಾರಿದುದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯದಾಯಿತು.

ಉಳಿಸಲು ಮನಸ್ಸಿದ್ದಲ್ಲಿ ಮಾರ್ಗವೂ ಇದೆ. ನೀಲಗಿರಿಯ ಹಲ್ಲುಕಂಬಿಯ ರೈಲು, ೪೬ ಕಿಲೋಮೀಟರಿನದು, ಇಂದಿಗೂ ಮೇಟುಪಾಳ್ಯದಿಂದ ಉದಕಮಂಡಲಕ್ಕೆ ಏರುತ್ತಿದೆ; ೨೦೦೫ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎಗ್ಮೋರಿನ ಕಟ್ಟಡ ಹೆನ್ರಿ ಇರ್ವಿನ್ನನ ನಕಾಶೆಯಂತೆ, ಬೆಂಗಳೂರಿನ ಗುತ್ತಿಗೆದಾರ ಸಾಮಿನಾಥ ಪಿಳ್ಳೆಯ ಕೈಯಿಂದ ೧೯೦೮ರಲ್ಲಿ ಮುಗಿಯಿತು. ಸುಮಾರು ೭೩೫ ಕೋಟಿ ರೂಪಾಯಿಯ ಪುನರ್ನಿರ್ಮಾಣ ಯೋಜನೆಯಲ್ಲಿ ಆ ಹಳೆಯ ಕಟ್ಟಡವನ್ನು ಉಳಿಸಿಕೊಳ್ಳಲು ತೀರ್ಮಾನಿಸಲಾಗಿದೆ. ಲಂಡನ್ನಿನಲ್ಲಿ ಯೂಸ್ಟನ್ ನಿಲ್ದಾಣದ ಮಹಾದ್ವಾರವನ್ನು ೧೯೬೧–೬೨ರಲ್ಲಿ ಕೆಡವಿ ಪಶ್ಚಾತ್ತಾಪಪಟ್ಟ ಇಂಗ್ಲಿಷರು ೧೯೮೫ರಲ್ಲಿ ರೈಲ್ವೆಯ ಹಣದಿಂದಲೇ ಒಂದು ಪರಂಪರೆ ನಿಧಿಯನ್ನು ಸ್ಥಾಪಿಸಿದರು. ಆ ನಿಧಿ ಕಟ್ಟಡಗಳ ಒಡೆತನವನ್ನು ವಹಿಸುವುದಿಲ್ಲ. ದುರಸ್ತಿಗೆ ಅನುದಾನವನ್ನೂ ಸಲಹೆಯನ್ನೂ ಕೊಡುತ್ತದೆ, ಅಷ್ಟೆ. ನಮ್ಮಲ್ಲಿಯೂ ಪುನರ್ನಿರ್ಮಾಣ ಯೋಜನೆಗಳ ಮೊತ್ತದಿಂದ ನೂರಕ್ಕೆ ಅರ್ಧ ರೂಪಾಯಿಯನ್ನು ಬೇರೆ ತೆಗೆದಿರಿಸಿದರೂ ಎಗ್ಮೋರೊಂದರಿಂದಲೇ ಮೂರೂವರೆ ಕೋಟಿಗೆ ಮೀರಿದ ಮೂಲಧನ ದೊರೆಯುತ್ತದೆ. ಅದರ ಬಡ್ಡಿಯಲ್ಲಿ ರಾಯಪುರದ ಗಾರೆಗೆಲಸ ವರ್ಷವರ್ಷವೂ ನಡೆದೀತು.

ನೋಡಲಿಚ್ಛಿಸುವ ವಾಚಕರು ಬೀಚ್ ನಿಲ್ದಾಣದಲ್ಲಿ ಉತ್ತರದ ಉಪನಗರ ಬಂಡಿಯನ್ನು ಹತ್ತಬೇಕು. ಮುಂದಿನ ನಿಲ್ದಾಣವೇ ರಾಯಪುರ.