ಶಾಲಿನ ಬದಲು ವಿಮೆ ಕಟ್ಟಿಕೊಡಿ

ಪತ್ತನಾಜೆ ಕಳೆದರೆ ಯಕ್ಷಗಾನ ಮೇಳದ ಕಲಾವಿದನ ಮನೆಯಲ್ಲಿ ದುಡ್ಡಿನ ಲೆಕ್ಕ ಶುರುವಾಗುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24 ಅಥವಾ 25ರ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿ ಮುಗಿದು ಮೇಳ ಮತ್ತೆ ಹೊರಡುವ ತನಕ ಸಂಬಳವಿಲ್ಲ. ಪ್ರಾಯದ ವರ್ಷಗಳನ್ನೆಲ್ಲ ಪುಂಡುವೇಷ ಕಟ್ಟಿ ತಿರುಗಾಟದಲ್ಲೇ ಕಳೆದ ನನಗೆ ಈ ಲೆಕ್ಕ ಬಾಯಿಪಾಠವಾಗಿದೆ. ಮಳೆಗಾಲದಲ್ಲಿ ನಾನು ಅಡಿಕೆ ಸುಲಿದಿದ್ದೇನೆ, ಮದುವೆಮನೆಯಲ್ಲಿ ಬಡಿಸಿದ್ದೇನೆ. ನಮ್ಮ ಕಾಸರಗೋಡಿನ ಬಾಯಾರು, ಪೆರ್ಲ, ಬದಿಯಡ್ಕದ ಸುತ್ತ ನನ್ನಂಥವರು ಮನೆಮನೆಯಲ್ಲೂ ಇದ್ದರು, ಈಗಲೂ ಇದ್ದಾರೆ.

ತೆಂಕುತಿಟ್ಟಿನ ಪುಂಡುವೇಷ ಎಂದರೆ ಅಭಿಮನ್ಯು, ಬಭ್ರುವಾಹನ, ದೇವಿಮಹಾತ್ಮೆಯ ಚಂಡಮುಂಡರು. ಚೆಂಡೆ ಏರುತ್ತಿದ್ದಂತೆ ರಂಗಸ್ಥಳಕ್ಕೆ ಸುತ್ತು ಬಂದು ಧಿಗಿಣ ಹಾರಬೇಕು. ಪ್ರೇಕ್ಷಕರು ಒಂದೊಂದನ್ನೂ ಎಣಿಸುತ್ತಾರೆ, ಶಿಳ್ಳೆ ಹೊಡೆಯುತ್ತಾರೆ. ಪ್ರತಿ ಧಿಗಿಣದ ಕೊನೆಗೂ ಮೈಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಇವತ್ತು ಒಂದೂರು, ನಾಳೆ ಇನ್ನೊಂದೂರು, ಹಗಲು ಅರೆನಿದ್ದೆ, ರಾತ್ರಿ ಮತ್ತೆ ಬಣ್ಣ. ಆರು ತಿಂಗಳು ಹೀಗೆ ನಡೆದು, ವರ್ಷಗಳು ಕಳೆದ ಮೇಲೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಗುತ್ತದೆ. ಆ ಹೊತ್ತಿಗೆ ಹೆಸರು ಉತ್ತುಂಗದಲ್ಲಿರುತ್ತದೆ.

ಟಿವಿಯಲ್ಲಿ ಅಮೆರಿಕದ ಡಬ್ಲ್ಯುಡಬ್ಲ್ಯುಇ ಕುಸ್ತಿ ನೋಡಿದಾಗಲೆಲ್ಲ ನನಗೆ ನಾವು ಬಣ್ಣ ಹಚ್ಚುವ ಚೌಕಿ ನೆನಪಾಗುತ್ತದೆ. ಅಲ್ಲಿಯೂ ನಾಯಕ, ಖಳನಾಯಕ, ಊರೂರು ಅಲೆಯುವ ಪಡೆ. ಗೆಲ್ಲುವವರು ಯಾರೆಂಬುದು ಮೊದಲೇ ನಿಶ್ಚಯವಾಗಿದ್ದರೂ ಬೀಳುವ ಪೆಟ್ಟು ನಿಜ. ಅಷ್ಟು ದೊಡ್ಡ ಕಂಪನಿಯೂ ತನ್ನ ಕುಸ್ತಿಪಟುಗಳನ್ನು ನೌಕರರೆಂದು ಲೆಕ್ಕಿಸುವುದಿಲ್ಲ, ಸ್ವತಂತ್ರ ಗುತ್ತಿಗೆದಾರರೆಂದು ಒಪ್ಪಂದ ಮಾಡಿಕೊಳ್ಳುತ್ತದೆ. ನೌಕರನಿಗೆ ಸಲ್ಲುವ ಆರೋಗ್ಯ ವಿಮೆ, ನಿವೃತ್ತಿ ಸೌಲಭ್ಯ ಅವರಿಗಿಲ್ಲ. ನಮ್ಮ ದೇಶದ ಕುಸ್ತಿಪಟುಗಳಲ್ಲಿ ದಾರಾ ಸಿಂಗ್ ಸಿನಿಮಾಕ್ಕೆ ಹೋಗಿ, 2003ರಲ್ಲಿ ರಾಜ್ಯಸಭೆಗೂ ಹೋದರು. ನಮ್ಮ ಯಕ್ಷಗಾನ ಕಲಾವಿದ ಕುಂಬಳೆ ಸುಂದರ ರಾಯರು 1994ರಲ್ಲಿ ಸುರತ್ಕಲ್ಲಿನಿಂದ ಗೆದ್ದು ಕರ್ನಾಟಕ ವಿಧಾನಸಭೆಗೆ ಹೋದರು. ಇಂಥವರ ಹೆಸರು ಹೇಳಿ ಉಳಿದವರಿಗೂ ಚಿಂತೆಯಿಲ್ಲ ಎಂದುಕೊಳ್ಳುವುದು ಸರಿಯಲ್ಲ.

ಸುಂದರ ರಾಯರಿಗೆ ಮಾತಿನ ಬಲವಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಿಗೂ ಅಷ್ಟೆ. 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಶೇಣಿಯವರು ಹರಿಕಥೆಯನ್ನೂ ಮಾಡುತ್ತಿದ್ದರು, ತಾಳಮದ್ದಳೆಯಲ್ಲಿ ಅವರ ಅರ್ಥ ಕೇಳಲು ಜನ ಹುಡುಕಿಕೊಂಡು ಬರುತ್ತಿದ್ದರು. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ, ಕುಳಿತು ಮಾತಾಡಿದರಾಯಿತು. ಹಾಗಾಗಿ ಅರ್ಥಗಾರಿಕೆ ಬಲ್ಲವನಿಗೆ ವೇಷ ಬಿಟ್ಟ ಮೇಲೂ ಮಳೆಗಾಲದಲ್ಲಿ ಸಂಪಾದನೆಯುಂಟು. ಭಾಗವತರಿಗೆ ಕಂಠ ಇರುವ ತನಕ ಕರೆ ಬರುತ್ತದೆ. ಕುಣಿದು ಹೆಸರು ಮಾಡಿದ ಪುಂಡುವೇಷದವನಿಗೆ, ಹೆಣ್ಣಾಗಿ ಮೆರೆದ ಸ್ತ್ರೀವೇಷದವನಿಗೆ, ಮೂರು ನಾಲ್ಕು ತಾಸು ಕುಳಿತು ಮುಖಕ್ಕೆ ಚುಟ್ಟಿ ಇಡುವ ಬಣ್ಣದ ವೇಷದವನಿಗೆ ಆ ದಾರಿ ಸುಲಭವಲ್ಲ. ದೇಹ ಸೋತ ದಿನವೇ ಅವರ ಸಂಪಾದನೆ ನಿಲ್ಲುತ್ತದೆ.

ಹಣ ಉಳಿಯದಿರುವುದಕ್ಕೆ ಕಲಾವಿದರ ದುಂದುಗಾರಿಕೆಯೇ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೆಯ ಡೇರೆ ಮೇಳಗಳ ಕಾಲದಿಂದಲೂ ನಮ್ಮಲ್ಲಿ ಮುಂಗಡದ ಪದ್ಧತಿ ಇದೆ. ಮನೆಯಲ್ಲಿ ಹೆರಿಗೆ, ಮಗಳ ಮದುವೆ, ಆಸ್ಪತ್ರೆ ಯಾವುದಿದ್ದರೂ ಮಳೆಗಾಲದಲ್ಲಿ ಯಜಮಾನರ ಹತ್ತಿರ ಹೋಗಿ ಮುಂದಿನ ತಿರುಗಾಟದ ಮೇಲೆ ದುಡ್ಡು ತರುತ್ತೇವೆ. ತಿರುಗಾಟ ಶುರುವಾದ ಮೇಲೆ ಸಂಬಳದಲ್ಲಿ ಅದು ಕಡಿತವಾಗುತ್ತದೆ. ಬಟವಾಡೆಯ ದಿನ ಕೈಗೆ ಬರುವುದು ಉಳಿದ ಚೂರು. ಪತ್ತನಾಜೆಗೆ ಸಾಲ ತೀರಿರುತ್ತದೆ, ಆಷಾಢಕ್ಕೆ ಹೊಸ ಮುಂಗಡ ಬೇಕಾಗುತ್ತದೆ. ಸಂಬಳ ಏರಿಸಿ ಎಂದು ಕೇಳಲು, ಬೇರೆ ಮೇಳಕ್ಕೆ ಹೋಗಲು ಆ ಋಣ ಬಿಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಪಕ್ಕದೂರಿನ ಹುಡುಗನೊಬ್ಬ ಫೋನ್ ಮಾಡಿ, "ಅಣ್ಣ, ಈ ಸಲವೂ ಮುಂಗಡ ತಂದೆ, ಅಮ್ಮನಿಗೆ ಆಪರೇಷನ್" ಎಂದ. ಅದೇ ಹುಡುಗ ಚೌಕಿಯಲ್ಲಿ ಕಿರೀಟ ಕಟ್ಟುವುದನ್ನು ನೋಡಲು ಜನ ಇಣುಕುತ್ತಾರೆ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ತಿರುಗಾಟ ಅರ್ಧದಲ್ಲೇ ನಿಂತಿತು. ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿಯೂ ಮುಚ್ಚಿತು. ಕಾಸರಗೋಡಿನ ಕಲಾವಿದರಿಗೆ ಆಗ ಗಡಿಯ ಬಿಸಿ ಚೆನ್ನಾಗಿ ತಟ್ಟಿತು. ನಾವು ದುಡಿಯುವ ಮೇಳಗಳು ಹೆಚ್ಚಾಗಿ ಕರ್ನಾಟಕದವು, ಕಟೀಲು, ಧರ್ಮಸ್ಥಳದಂಥ ಕ್ಷೇತ್ರಗಳವು. ರೇಷನ್ ಕಾರ್ಡು, ಓಟು ಮಾತ್ರ ಕೇರಳದ್ದು. 1956ರ ನವೆಂಬರಿನಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಎಳೆದ ಗೆರೆ ಇವತ್ತಿಗೂ ನಮ್ಮ ಅರ್ಜಿಗಳ ಮೇಲೆ ಬೀಳುತ್ತದೆ. ಆಚೆ ದುಡಿದದ್ದಕ್ಕೆ ಈಚೆ ದಾಖಲೆ ಸಿಗುವುದು ಕಷ್ಟ.

2022ರ ಡಿಸೆಂಬರಿನಲ್ಲಿ ಕಟೀಲು ಮೇಳದ ಗುರುವಪ್ಪ ಬಾಯಾರು ತ್ರಿಜನ್ಮ ಮೋಕ್ಷದಲ್ಲಿ ಶಿಶುಪಾಲನ ವೇಷದಲ್ಲಿದ್ದಾಗಲೇ ರಂಗಸ್ಥಳದಲ್ಲಿ ಕುಸಿದು ತೀರಿಕೊಂಡರು. "ಪುಣ್ಯವಂತ, ಗೆಜ್ಜೆ ಕಟ್ಟಿಕೊಂಡೇ ಹೋದ" ಎಂದು ಇಂಥ ಸಾವಿನ ಬಗ್ಗೆ ಹೇಳುವುದುಂಟು. ಆ ಮಾತು ನನಗೆ ರುಚಿಸುವುದಿಲ್ಲ. ಕಲಾವಿದ ಮನೆಯಲ್ಲಿ, ಮೊಮ್ಮಕ್ಕಳ ನಡುವೆ, ಔಷಧಕ್ಕೆ ದುಡ್ಡಿರುವಾಗ ಮುದುಕನಾಗಬೇಕು.

ಕೈ ಹಿಡಿದವರೂ ಇದ್ದಾರೆ. 1975ರಿಂದ ಇರುವ ಉಡುಪಿಯ ಯಕ್ಷಗಾನ ಕಲಾರಂಗ ಯಕ್ಷನಿಧಿಯ ಮೂಲಕ ಕಲಾವಿದರಿಗೆ ವಿಮೆ ಮಾಡಿಸಿದೆ, ದಾನಿಗಳನ್ನು ಹಿಡಿದು ಮನೆ ಕಟ್ಟಿಸಿಕೊಟ್ಟಿದೆ. ಭಾಗವತರಾದ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಕಟ್ಟಿದ ಫೌಂಡೇಶನ್ನೂ ಮನೆ, ಚಿಕಿತ್ಸೆ, ವಿಮೆಗಳಿಗೆ ನೆರವಾಗುತ್ತಿದೆ. ಕಲಾವಿದನ ಸಂಕಟವನ್ನು ಕಲಾವಿದನೇ ಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಒಂದೆರಡು ಸಂಸ್ಥೆಗಳೇ ಎಲ್ಲರನ್ನೂ ಹೊರಲಾರವು.

ಮಳೆಗಾಲ ಬಂತೆಂದರೆ ಸನ್ಮಾನಗಳ ಸಾಲು. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ಕೊಡುವವರ ಪ್ರೀತಿ ದೊಡ್ಡದು, ನಾನು ಅದನ್ನು ತಲೆಬಾಗಿ ಸ್ವೀಕರಿಸಿದ್ದೇನೆ. ಆದರೂ ಒಂದು ಲೆಕ್ಕ ಹೇಳುತ್ತೇನೆ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ತೀರಿಕೊಂಡವನ ಮನೆಯವರಿಗೆ 2 ಲಕ್ಷ ಸಿಗುತ್ತದೆ. 50 ವರ್ಷದೊಳಗೆ ಜೀವನ ಜ್ಯೋತಿ ಸೇರಿದರೆ ವರ್ಷಕ್ಕೆ 436 ರೂಪಾಯಿ, ಸಾವು ಹೇಗೇ ಬಂದರೂ 2 ಲಕ್ಷ. ಎರಡೂ ಸೇರಿ 456. ಅಸಂಘಟಿತ ದುಡಿಮೆಗಾರರ ಶ್ರಮಯೋಗಿ ಮಾನಧನ್ ಯೋಜನೆಯನ್ನು 29ರ ಪ್ರಾಯದಲ್ಲಿ ಸೇರಿದವನು ತಿಂಗಳಿಗೆ 100 ರೂಪಾಯಿ ಕಟ್ಟಿದರೆ ಕೇಂದ್ರವೂ ಅಷ್ಟೇ ಸೇರಿಸುತ್ತದೆ, 60 ತುಂಬಿದ ಮೇಲೆ ತಿಂಗಳಿಗೆ 3,000 ಪಿಂಚಣಿ. ಇದಕ್ಕೆ 40 ದಾಟುವ ಮೊದಲೇ ಸೇರಬೇಕು, ತಿಂಗಳ ವರಮಾನ 15,000 ಮೀರಿರಬಾರದು. ಕೇರಳದಲ್ಲಿ ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿಯೂ ಇದೆ, ಅದಕ್ಕೂ ಪ್ರಾಯದಲ್ಲಿದ್ದಾಗಲೇ ಸದಸ್ಯನಾಗಿ ವಂತಿಗೆ ಕಟ್ಟಬೇಕು. 3,000ದಲ್ಲಿ ಸಂಸಾರ ನಡೆಯದು, ನಿಜ. ಆದರೆ ಮದ್ದಿನಂಗಡಿಯ ಸಾಲ ತೀರುತ್ತದೆ.

ಹರಕೆ ಆಟ ಆಡಿಸುವವರಲ್ಲಿ, ಸನ್ಮಾನ ಮಾಡುವ ಸಂಘದವರಲ್ಲಿ ನನ್ನ ಬೇಡಿಕೆ ಇಷ್ಟೆ. ಈ ಸಲ ಶಾಲು ಹೊದಿಸುವ ಮುಂಚೆ ಆ ಕಲಾವಿದನ ಪ್ರಾಯ ಕೇಳಿ, ಅವನನ್ನು ಹತ್ತಿರದ ಬ್ಯಾಂಕಿಗೋ ಸರ್ಕಾರಿ ಸೇವೆಯ ಅಕ್ಷಯ ಕೇಂದ್ರಕ್ಕೋ ಕರೆದುಕೊಂಡು ಹೋಗಿ ಅರ್ಜಿ ತುಂಬಿಸಿ, ಮೊದಲ ವರ್ಷದ ಕಂತನ್ನು ನೀವೇ ಕಟ್ಟಿ, ಆ ರಶೀದಿಯನ್ನು ವೇದಿಕೆಯಲ್ಲಿ ಅವನ ಹೆಂಡತಿಯ ಕೈಗೆ ಕೊಡಿ.